ಅಜ್ಜನ ಹೆಸರಿನ ಶಾಲೆ: ಮನೆ ಗುಂಪಿನ ಜಗಳ

ಚಿಕ್ಕಪ್ಪ ಟೊರೊಂಟೊ: ನಕ್ಷೆ ಹಾಕಿದ್ದೇನೆ, ಎಲ್ಲರೂ ನೋಡಿ. ಊರಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆ. ಎಂಟು ಕೋಣೆ, ಕಂಪ್ಯೂಟರ್ ಲ್ಯಾಬ್. ಮನೆ ಹಿಂದಿನ ನಮ್ಮ ಬೆಟ್ಟದಲ್ಲಿ ಕಟ್ಟೋಣ. ಹೆಸರು ಅಪ್ಪಯ್ಯನದ್ದು.

ಶಿರಸಿ ಭಾವ: ಭಾರೀ ಲಾಯ್ಕಾಯ್ತು ಮಾವ!

ನಾನು: ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ. ಊರ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಐದನೇ ಕ್ಲಾಸಿನವರೆಗೆ ಸೇರಿಸಿ ಈಗ ಇರೋದೇ 11 ಮಕ್ಕಳು. ಅದರಲ್ಲಿ ಆರು ಜನ ನಿಮ್ಮ ಶಾಲೆಗೆ ಬಂದರೆ ಅಲ್ಲಿಗೆ ಬೀಗ ಬೀಳುತ್ತದೆ. ಉಳಿದ ಐದು ಮಕ್ಕಳ ಮನೆಯಲ್ಲಿ ಫೀಸು ಕಟ್ಟೋಕಾಗಲ್ಲ. ಅವರೆಲ್ಲಿಗೆ ಹೋಗಬೇಕು?

ಚಿಕ್ಕಪ್ಪ ಟೊರೊಂಟೊ: ಹಾಗಾದರೆ ಹೊರಗೆ ದುಡಿದವರು ಊರಿಗೆ ಏನೂ ಮಾಡಬಾರದಾ ತಂಗೀ? ದಿನಕರ ದೇಸಾಯರು ಮುಂಬೈಯಲ್ಲಿ ಕೆಲಸ ಮಾಡಿದವರೇ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಶುರು ಮಾಡಿ ಜಿಲ್ಲೆಯಲ್ಲಿ ಎಷ್ಟು ಶಾಲೆ ತೆರೆದರು! ಅವರನ್ನು ಯಾರೂ ಹೀಗೆ ಕೇಳಲಿಲ್ಲ.

ನಾನು: ಆಗ ಮಕ್ಕಳಿದ್ದರು, ಶಾಲೆ ಇರಲಿಲ್ಲ. ಈಗ ಶಾಲೆ ಇದೆ, ಮಕ್ಕಳಿಲ್ಲ. ಮಕ್ಕಳೆಲ್ಲ ಎಲ್ಲಿ ಅಂದ್ರೆ, ನಿಮ್ಮ ಹಾಗೆ ಊರು ಬಿಟ್ಟವರ ಜೊತೆ ಬೆಂಗಳೂರಲ್ಲಿದ್ದಾರೆ. (ಸಿಟ್ಟಲ್ಲಿ ಬರೆದೆ, ಆದರೆ ಡಿಲೀಟ್ ಮಾಡೋಲ್ಲ.)

ಶಿರಸಿ ಭಾವ: ಮಾವ, ಈಗ ನೆನಪಾಯ್ತು. ಅದು ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು ತರೋ ಹಕ್ಕು ಮಾತ್ರ ನಮ್ಮದು. ಅಲ್ಲಿ ಕಟ್ಟಡ ಕಟ್ಟೋಕೆ ಬರೋದಿಲ್ಲ.

ತಮ್ಮ ಬೆಂಗಳೂರು: ದುಡ್ಡಿನದ್ದೂ ಒಂದು ತಾಪತ್ರಯ ಇದೆ. ಚಿಕ್ಕಪ್ಪ ಈಗ ಕೆನಡಾ ಪ್ರಜೆ. ವಿದೇಶಿ ಪ್ರಜೆಗಳಾದ ಭಾರತೀಯ ಮೂಲದವರಿಗೆ ಕೊಡೋ ಓಸಿಐ ಕಾರ್ಡ್ ಇದ್ದರೂ ಅವರು ಟ್ರಸ್ಟಿಗೆ ಕೊಟ್ಟರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು, ಇಲ್ಲ ಮುಂಚೆಯೇ ಅನುಮತಿ ತಗೋಬೇಕು. ನೋಂದಣಿಗೆ ಟ್ರಸ್ಟ್ ಮೂರು ವರ್ಷ ಹಳೆಯದಾಗಿರಬೇಕು, ಅಷ್ಟರಲ್ಲಿ 15 ಲಕ್ಷ ಖರ್ಚು ಮಾಡಿ ತೋರಿಸಬೇಕು. ದುಡ್ಡು ಮೊದಲು ಬಂದು ಬೀಳೋದೂ ದೆಹಲಿಯ ಸ್ಟೇಟ್ ಬ್ಯಾಂಕಿಗೆ. ದುಬೈ ಅಣ್ಣನ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟೇ ಇದೆ. ಅವನು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಇದ್ಯಾವುದೂ ಇಲ್ಲ.

ಚಿಕ್ಕಪ್ಪ ಟೊರೊಂಟೊ: ಎಲ್ಲರೂ ಆಗಲ್ಲ ಅನ್ನೋರೇ. ಏನು ಮಾಡಬೇಕು, ಅದನ್ನಾದರೂ ಹೇಳಿ.

ನಾನು: ಇರೋ ಶಾಲೆಗೆ ಮಾಡಿ. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು, ನಮ್ಮಲ್ಲಿ ಇರೋದು ಒಬ್ಬರೇ. ಅವರು ಮೀಟಿಂಗಿಗೆ ಹೋದ ದಿನ ಅಡುಗೆಯವರೇ ಮಕ್ಕಳನ್ನು ನೋಡ್ಕೋತಾರೆ. ಹತ್ತು ವರ್ಷ ಒಬ್ಬ ಟೀಚರಿನ ಸಂಬಳ ಅಂತ ಲೆಕ್ಕ ಹಾಕಿ, ನಿಮ್ಮ ಎಂಟು ಕೋಣೆಗಿಂತ ಎಷ್ಟೋ ಕಡಿಮೆ. ಫೋಟೋ ಮಾತ್ರ ಚೆನ್ನಾಗಿ ಬರೋಲ್ಲ ಅಷ್ಟೇ.

ಸಣ್ಣತ್ತೆ: ಅಣ್ಣಯ್ಯ, ನಾನು ದಿನಾ ನೋಡೋದು ಹೇಳ್ತೇನೆ. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಅಡಿಕೆ ಮರದ ಸಂಕ (ಕಾಲುಸೇತುವೆ) ಪಾಚಿ ಕಟ್ಟಿ ಜಾರುತ್ತದೆ. ಕೆಳಗಿನ ಕೇರಿಯ ಹುಡುಗಿ ಕೊಡೆಯನ್ನು ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಕಟ್ಟಿದ ಬಳ್ಳಿ ಹಿಡಿದು ಅಡ್ಡಡ್ಡ ಕಾಲಿಡುತ್ತಾ ದಾಟುತ್ತಿತ್ತು. ನಡುವೆ ಚಪ್ಪಲಿ ಹಳ್ಳಕ್ಕೆ ಹೋಯ್ತು. ಮಾರನೇ ದಿನದಿಂದ ಅದರ ಆಯಿ ಹದಿನೈದು ದಿನ ಶಾಲೆಗೆ ಕಳಿಸಲೇ ಇಲ್ಲ. ನಿನ್ನ ಲ್ಯಾಬಿಗೂ ಅದು ಅದೇ ಸಂಕ ದಾಟಿಯೇ ಬರಬೇಕಲ್ವಾ?

ಚಿಕ್ಕಪ್ಪ ಟೊರೊಂಟೊ: ನಾವು ದಾಟ್ತಿದ್ದ ಸಂಕವಾ? ಇನ್ನೂ ಹಾಗೇ ಇದೆಯಾ?

ಸಣ್ಣತ್ತೆ: ಮರ ಬದಲಾಗಿದೆ.

ಚಿಕ್ಕಪ್ಪ ಟೊರೊಂಟೊ: ಸಿಮೆಂಟಿನದ್ದು ಮಾಡಿಸಿದರೆ ಅದಕ್ಕೆ ಅಪ್ಪಯ್ಯನ ಹೆಸರು ಹಾಕಬಹುದಾ?

ತಮ್ಮ ಬೆಂಗಳೂರು: ಹೆಸರಿಗೆ ಎಫ್‌ಸಿಆರ್‌ಎ ಬೇಡ ಚಿಕ್ಕಪ್ಪ. ದುಡ್ಡು ದುಬೈ ಅಣ್ಣ ಕೊಡ್ತಾನೆ.

ದುಬೈ ಅಣ್ಣ: ಈಗಷ್ಟೇ ಮೆಸೇಜ್ ನೋಡಿದೆ. ಯಾವ ಸಂಕ?