ಸಹಾಯ ಬೇಕು: ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟ ಸುಕೇಳಿ ಬೆವರುತ್ತಿದೆ

ಎಲ್ಲರಿಗೂ ನಮಸ್ಕಾರ. ಬೇಸಿಗೆಯಲ್ಲಿ ಶಿರಸಿಯ ತವರಿನಿಂದ ತಂದ ಸುಮಾರು 2 ಕಿಲೋ ಸುಕೇಳಿಯನ್ನು, ಅಂದರೆ ಒಣಗಿಸಿದ ಬಾಳೆಹಣ್ಣನ್ನು, ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿಯಿರುವ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ ತುಂಬಿ ಬಿಗಿಯಾಗಿ ಮುಚ್ಚಿಟ್ಟಿದ್ದೆ. ಮಳೆ ಹಿಡಿದ ಮೇಲೆ ಮುಚ್ಚಳದ ಒಳಮೈಯಲ್ಲಿ ಸಣ್ಣ ಹನಿಗಳು ಕಾಣಿಸಿಕೊಂಡಿವೆ. ಕೆಲವು ತುಂಡುಗಳ ಮೇಲೆ ಬಿಳಿಯ ಪುಡಿಯೂ ಕೂತಿದೆ. ಅದು ಬೂಷ್ಟಿನಂತೆ ಹತ್ತಿಹತ್ತಿಯಾಗಿರದೆ ಬೆರಳಿಗೆ ಗರಗರ ಎನ್ನುವುದರಿಂದ ಹಣ್ಣಿನದೇ ಸಕ್ಕರೆ ಹರಳುಗಟ್ಟಿರಬೇಕೆಂಬುದು ನನ್ನ ಅಂದಾಜು. ಆದರೂ ತಳದಲ್ಲಿದ್ದ ಎರಡು ತುಂಡುಗಳು ಹುಳಿ ವಾಸನೆ ಬಂದಿದ್ದರಿಂದ ಅವನ್ನು ಎಸೆದೆ. ಉಳಿದದ್ದನ್ನು ಮತ್ತೆ ಒಣಗಿಸೋಣವೆಂದರೆ ಈಗ ಬಿಸಿಲೆಲ್ಲಿದೆ? ಓವನ್‌ನಲ್ಲಿ 60 ಡಿಗ್ರಿ ಶಾಖದಲ್ಲಿ ಎಷ್ಟು ಹೊತ್ತು ಇಡಬೇಕು, ಪೂರ್ತಿ ಆರಿದ ಮೇಲೆ ಇದೇ ಡಬ್ಬಿಗೆ ತುಂಬಬಹುದೇ ಅಥವಾ ಗಾಜಿನ ಭರಣಿಯೇ ಆಗಬೇಕೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.