ಸಹಾಯ ಬೇಕು: ವೆಲ್ಡಿಂಗ್ ಟೇಬಲ್ ಮೇಲಿನ ಪ್ಲೇಟ್ ಉಬ್ಬಿಕೊಂಡಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ. ಮನೆ ಹಿಂದಿನ ಶೆಡ್‌ನಲ್ಲಿ ಜಾಗ ಕಡಿಮೆ, ಅದಕ್ಕೆ 3 ಅಡಿ ಉದ್ದ, 2 ಅಡಿ ಅಗಲದ ವೆಲ್ಡಿಂಗ್ ಟೇಬಲ್ ಮಾಡಿದೆ. ಮೇಲೆ 6 ಎಂಎಂ ಪ್ಲೇಟ್, ಅದೊಂದೇ ಸುಮಾರು 26 ಕೆಜಿ. ಕೆಳಗೆ 40 ಎಂಎಂ ಸ್ಕ್ವೇರ್ ಪೈಪ್.

ಗಟ್ಟಿ ಇರಲಿ ಅಂತ ಪ್ಲೇಟನ್ನು ಬೋರಲು ಹಾಕಿ, ಫ್ರೇಮ್ ಸುತ್ತ ಎಲ್ಲೂ ಬಿಡದೆ ವೆಲ್ಡ್ ಎಳೆದೆ. ಅಂಚು ಆರುತ್ತಾ ಕುಗ್ಗಿತು, ನಡುವೆ ಉಬ್ಬಿತು. ಈಗ ಬೇರಿಂಗ್ ಗುಂಡು ನಡುವೆ ಇಟ್ಟರೆ ಮೂಲೆಗೆ ಉರುಳಿ ಹೋಗುತ್ತದೆ. ಪಟ್ಟಿ ಇಟ್ಟು ನೋಡಿದರೆ ಅಂಚಿನಲ್ಲಿ 3 ಎಂಎಂ ಸಂದು. ಇದರ ಮೇಲೆ ಗೇಟ್ ಮಾಡಿದರೆ ಅದೂ ಸೊಟ್ಟ ಆಗುತ್ತದೆ ಅಲ್ವಾ?

ಮೊದಲು ಶಹಾಬಾದ್ ಕಲ್ಲಿನ ನೆಲವೇ ಏರುಪೇರು ಅಂದುಕೊಂಡು ಕಾಲಿಗೆ ಬೋಲ್ಟ್ ಹಾಕಿ ಲೆವೆಲ್ ಮಾಡಿದೆ. ಪ್ರಯೋಜನ ಆಗಲಿಲ್ಲ. ರಾತ್ರಿಯಿಡೀ ಭಾರ ಹೇರಿದೆ, ತೆಗೆದ ಕೂಡಲೇ ಮತ್ತೆ ಮೇಲೆದ್ದಿತು. ಸುತ್ತಿಗೆ ಏಟಿಗೂ ಜಗ್ಗಲಿಲ್ಲ.

ಹಿರಿಯ ಮೇಸ್ತ್ರಿ ಒಬ್ಬರು "ಉಬ್ಬಿದ ಜಾಗ ಅಲ್ಲಲ್ಲಿ ಕೆಂಪಗೆ ಕಾಯಿಸಿ ಆರಲು ಬಿಡು, ಕುಗ್ಗುತ್ತದೆ" ಅಂದರು. ನನಗೆ ಮಾತ್ರ ವೆಲ್ಡ್ ಪೂರ್ತಿ ಗ್ರೈಂಡರ್‌ನಿಂದ ಕತ್ತರಿಸಿ, ಬೋಲ್ಟ್ ಹಾಕಿ ಕೂರಿಸೋಣ ಅನಿಸುತ್ತಿದೆ. ಹೊಸ ಪ್ಲೇಟ್ ತರುವಷ್ಟು ದುಡ್ಡಿಲ್ಲ, ಹಾಗಾಗಿ ಇದನ್ನು ಹಾಳು ಮಾಡಿಕೊಳ್ಳುವ ಹಾಗಿಲ್ಲ.

ವೆಲ್ಡ್ ಕತ್ತರಿಸಿದರೆ ಪ್ಲೇಟ್ ತಾನಾಗಿ ಸಪಾಟಾಗುತ್ತದಾ, ಇಲ್ಲ ಕಾಯಿಸುವುದೂ ಬೇಕಾ? ಯಾವುದನ್ನು ಮೊದಲು ಮಾಡಲಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.