ಎಸ್‌ಎಸ್‌ಆರ್‌ಐ ಮಾತ್ರೆ ಮೊದಲ ದಿನವೇ ಕೆಲಸ ಶುರು ಮಾಡಿದರೂ ಗುಣ ಕಾಣಲು ವಾರಗಳೇಕೆ?

ಅರ್ಧವಿರಾಮ:
ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್, ಸರ್ಟ್ರಲಿನ್‌ನಂಥ ಎಸ್‌ಎಸ್‌ಆರ್‌ಐಗಳು ಸಿರೊಟೋನಿನ್ ಟ್ರಾನ್ಸ್‌ಪೋರ್ಟರನ್ನು, ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಸಿರೊಟೋನಿನ್ ರಾಸಾಯನಿಕವನ್ನು ಕೋಶದೊಳಕ್ಕೆ ವಾಪಸ್ ಸಾಗಿಸುವ ಪ್ರೋಟೀನನ್ನು, ತಡೆಯುತ್ತವೆ. ಕೊಕೇನ್ ಡೋಪಮಿನ್ ಎಂಬ ಇನ್ನೊಂದು ಸಂದೇಶವಾಹಕದ ಟ್ರಾನ್ಸ್‌ಪೋರ್ಟರನ್ನೂ ತಡೆಯುತ್ತದೆ, ಅದರ ಅಮಲಿಗೆ ಮುಖ್ಯ ಕಾರಣ ಅದೇ. ಎರಡರಲ್ಲೂ ತಡೆ ಬೀಳುವುದು ಮೊದಲ ಡೋಸ್‌ಗೇ. ಹಾಗಾದರೆ ಒಂದರ ಪರಿಣಾಮ ನಿಮಿಷಗಳಲ್ಲಿ, ಇನ್ನೊಂದರದು ವಾರಗಳಲ್ಲಿ ಯಾಕೆ? ಎರಡು ವಾರದಲ್ಲಿ ಏನೂ ಕಾಣದಿದ್ದರೆ ಡೋಸ್ ದುಪ್ಪಟ್ಟು ಮಾಡಿದರೆ ಫಲ ಬೇಗ ಸಿಗುವುದಿಲ್ಲವೇ?

ರಾಫೆ:
ತಡೆ ಬಿದ್ದ ಮೇಲೆ ನರಕೋಶ ಸುಮ್ಮನೆ ಕೂರುವುದಿಲ್ಲ, ವಿಷಯ ಇರುವುದೇ ಅಲ್ಲಿ.

ಮಾಮೂಲು ದಾರಿ ಹೀಗೆ: ವಿದ್ಯುತ್ ಸಂಕೇತ ನರತುದಿಗೆ ಬಂದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಸಿರೊಟೋನಿನ್ ತುಂಬಿದ ಪುಟ್ಟ ಚೀಲಗಳು ಪೊರೆಗೆ ಬೆಸೆದುಕೊಂಡು ಸುಮಾರು 20 ನ್ಯಾನೊಮೀಟರ್ ಅಗಲದ ಸಂದಿಗೆ ಅದನ್ನು ಸುರಿಯುತ್ತವೆ. ಆಚೆಯ ಕೋಶದ ರಿಸೆಪ್ಟರ್‌ಗಳಿಗೆ (ಸಂದೇಶ ಹಿಡಿಯುವ ಪ್ರೋಟೀನ್‌ಗಳಿಗೆ) ತಾಗಿ ಬಿಟ್ಟ ಅಣುಗಳನ್ನು ಟ್ರಾನ್ಸ್‌ಪೋರ್ಟರ್ ವಾಪಸ್ ಎಳೆದುಕೊಳ್ಳುತ್ತದೆ. ಮಾತ್ರೆ ಮುಚ್ಚುವುದು ಈ ವಾಪಸಾತಿ ಬಾಗಿಲನ್ನು.

ಸಿರೊಟೋನಿನ್ ಕೋಶಗಳ ತವರು ಮಿದುಳಕಾಂಡದ ರಾಫೆ ನ್ಯೂಕ್ಲಿಯಸ್‌ಗಳು. ತನ್ನ ಸುತ್ತ ಎಷ್ಟು ಸಿರೊಟೋನಿನ್ ಇದೆ ಎಂದು ಅಳೆಯಲು ಅಲ್ಲಿನ ಕೋಶದ ಮೈಮೇಲೇ 5-ಎಚ್‌ಟಿ1ಎ ಎಂಬ ರಿಸೆಪ್ಟರ್ ಇರುತ್ತದೆ (5-ಎಚ್‌ಟಿ ಎಂದರೆ ಸಿರೊಟೋನಿನ್). ಬಾಗಿಲು ಮುಚ್ಚಿ ಮಟ್ಟ ಏರಿದೊಡನೆ ಅದು ಪೊಟ್ಯಾಸಿಯಂ ಚಾನೆಲ್‌ಗಳನ್ನು ತೆರೆಸಿ ಕೋಶದ ಮಿಡಿತವನ್ನು ಇಳಿಸುತ್ತದೆ. ಒಂದು ಕಡೆ ವಾಪಸಾತಿ ಬಂದ್, ಇನ್ನೊಂದು ಕಡೆ ಸುರಿತಕ್ಕೇ ಬ್ರೇಕ್! ಹಾಗಾಗಿ ಮೊದಮೊದಲು ಕಾರ್ಟೆಕ್ಸ್‌ನಲ್ಲಿ (ಮಿದುಳಿನ ಹೊರಪದರದಲ್ಲಿ) ಸಿಗುವ ಹೆಚ್ಚಳ ಅಲ್ಪ. ಎರಡು ಮೂರು ವಾರ ಹೀಗೇ ಸಾಗಿದಾಗ ಈ ರಿಸೆಪ್ಟರ್ ಮಂದವಾಗುತ್ತದೆ, ಬ್ರೇಕ್ ಸಡಿಲವಾಗುತ್ತದೆ. ಈ ಮಾತ್ರೆಗಳ ಅಡ್ಡಪರಿಣಾಮವಾದ ವಾಕರಿಕೆಗೆ ಈ ಕಾಯುವಿಕೆ ಇಲ್ಲ. ಕರುಳಿನಲ್ಲಿ ಸಿರೊಟೋನಿನ್ ಹೇರಳ, ಅಲ್ಲಿನ 5-ಎಚ್‌ಟಿ3 ರಿಸೆಪ್ಟರ್‌ಗಳು ಮೊದಲ ದಿನವೇ ಸ್ಪಂದಿಸುತ್ತವೆ. ಅಡ್ಡಪರಿಣಾಮ ಮೊದಲು, ಗುಣ ಆಮೇಲೆ ಎಂಬ ಬೇಸರದ ಕ್ರಮ ಬರುವುದು ಹೀಗೆ.

ಅರೆಜೀವಿತಾವಧಿ:
ಒಂದು ತಿದ್ದುಪಡಿ. "ವಾರಗಟ್ಟಲೆ ಏನೂ ಆಗುವುದಿಲ್ಲ" ಎಂಬುದು ಪೂರ್ತಿ ನಿಜವಲ್ಲ. ಅನೇಕ ರೋಗಿಗಳನ್ನು ಒಟ್ಟಾಗಿ ಅಳೆದರೆ ಮೊದಲೆರಡು ವಾರಗಳಲ್ಲೇ ಸಣ್ಣ ಸುಧಾರಣೆ ಶುರುವಾಗಿರುತ್ತದೆ, ರೋಗಿಗೆ ಅದು ಅರಿವಿಗೆ ಬರುವುದು ತಡ. ಅಲ್ಲದೆ 5-ಎಚ್‌ಟಿ1ಎ ಒಂದರಿಂದಲೇ ಎಲ್ಲವೂ ಅರ್ಥವಾಗುವುದಿಲ್ಲ. ನರಕೋಶಗಳ ನಡುವಿನ ಜೋಡಣೆಗಳು ಬದಲಾಗಲೂ ಸಮಯ ಬೇಕು.

ಈಗ ಡೋಸ್ ವಿಷಯ. ಮಿದುಳಿನ ಪೆಟ್ ಸ್ಕ್ಯಾನ್‌ಗಳಲ್ಲಿ ಕಂಡಂತೆ ಫ್ಲೂಆಕ್ಸೆಟಿನ್ 20 ಮಿಲಿಗ್ರಾಂ ಅಥವಾ ಸರ್ಟ್ರಲಿನ್ 50 ಮಿಲಿಗ್ರಾಂಗೇ ಸುಮಾರು ಶೇ. 80ರಷ್ಟು ಟ್ರಾನ್ಸ್‌ಪೋರ್ಟರ್‌ಗಳು ಮುಚ್ಚಿರುತ್ತವೆ. ಡೋಸ್ ಏರಿದಂತೆ ತಡೆ ಎಷ್ಟು ಏರುತ್ತದೆ ಎಂದು ಗೆರೆ ಎಳೆದರೆ ಅಲ್ಲಿಂದ ಮೇಲೆ ಅದು ಬಹುತೇಕ ಚಪ್ಪಟೆ: ದುಪ್ಪಟ್ಟು ಮಾಡಿದರೆ ಸಿಗುವುದು ಕೆಲವೇ ಶೇಕಡಾ, ಅಡ್ಡಪರಿಣಾಮ ಮಾತ್ರ ಚೆನ್ನಾಗಿ ಏರುತ್ತದೆ. ಇನ್ನೊಂದು ತೊಡಕು: ಸರ್ಟ್ರಲಿನ್‌ನ ಅರೆಜೀವಿತಾವಧಿ (ರಕ್ತದಲ್ಲಿನ ಮಟ್ಟ ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಸುಮಾರು 26 ಗಂಟೆ, ಒಂದು ವಾರದಲ್ಲಿ ರಕ್ತದ ಮಟ್ಟ ಸ್ಥಿರ. ಫ್ಲೂಆಕ್ಸೆಟಿನ್‌ನದು ದಿನಗಟ್ಟಲೆ, ಅದರಿಂದ ಹುಟ್ಟುವ ನಾರ್‌ಫ್ಲೂಆಕ್ಸೆಟಿನ್‌ನದು 4ರಿಂದ 16 ದಿನ. ಎರಡನೇ ವಾರದಲ್ಲಿ ಡೋಸ್ ಏರಿಸಿದರೆ ಇನ್ನೂ ಏರುತ್ತಿರುವ ಮಟ್ಟದ ಮೇಲೆ ಮತ್ತಷ್ಟು ಹೇರಿದಂತೆ. ಇದೇ ಕಾರಣಕ್ಕೆ ಫ್ಲೂಆಕ್ಸೆಟಿನ್ ನಿಲ್ಲಿಸಿ ಎಂಎಒ (ಸಿರೊಟೋನಿನ್ ಒಡೆಯುವ ಕಿಣ್ವ) ತಡೆಯುವ ಔಷಧಿ ಶುರು ಮಾಡಲು ಕನಿಷ್ಠ 5 ವಾರ ಬಿಡಬೇಕು. ಬಿಡದಿದ್ದರೆ ಸಿರೊಟೋನಿನ್ ಸಿಂಡ್ರೋಮ್: ಬೆವರು, ನಡುಕ, ಸ್ನಾಯುಗಳ ಜಿಗಿತ, ಏರುವ ಜ್ವರ. ನೋವಿನ ಮಾತ್ರೆ ಟ್ರಾಮಡಾಲ್, ಆಂಟಿಬಯೋಟಿಕ್ ಲಿನೆಜೋಲಿಡ್ ಜೊತೆಗೂ ಈ ಅಪಾಯವಿದೆ, ವೈದ್ಯರಿಗೆ ಎಲ್ಲ ಮಾತ್ರೆಗಳ ಪಟ್ಟಿ ಕೊಡಿ.

ಸಂದಿ_20:
ಕೊಕೇನ್ ಬಗ್ಗೆ: ಯಾವುದನ್ನು ಮುಚ್ಚುತ್ತದೆ ಎನ್ನುವಷ್ಟೇ ಮುಖ್ಯ, ಎಷ್ಟು ವೇಗವಾಗಿ ಮುಚ್ಚುತ್ತದೆ ಎನ್ನುವುದು. ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿಚಟುವಟಿಕೆಯ ಸಮಸ್ಯೆಗೆ) ಕೊಡುವ ಮೀಥೈಲ್‌ಫೆನಿಡೇಟ್ ಕೂಡ ಚಿಕಿತ್ಸೆಯ ಡೋಸ್‌ನಲ್ಲೇ ಡೋಪಮಿನ್ ಟ್ರಾನ್ಸ್‌ಪೋರ್ಟರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುಚ್ಚಬಲ್ಲದು. ಆದರೆ ಬಾಯಿಂದ ತೆಗೆದುಕೊಂಡಾಗ ಮಿದುಳಲ್ಲಿ ಗರಿಷ್ಠ ಮಟ್ಟಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಕು. ಹೊಗೆಯಾಗಿ ಅಥವಾ ರಕ್ತನಾಳಕ್ಕೆ ಹೋದ ಕೊಕೇನ್‌ಗೆ ಕೆಲವೇ ನಿಮಿಷ. ಚಟ ಹತ್ತಿಸುವುದು ಆ ಕಡಿದಾದ ಏರು. ಆಂಫೆಟಮಿನ್ ಬೇರೆಯೇ ಜಾತಿ. ಅದು ಟ್ರಾನ್ಸ್‌ಪೋರ್ಟರ್ ಮೂಲಕ ಒಳಗೇ ಹೋಗಿ ಚೀಲಗಳಿಂದ ಡೋಪಮಿನ್ ಸೋರಿಸುತ್ತದೆ, ಟ್ರಾನ್ಸ್‌ಪೋರ್ಟರನ್ನೇ ತಿರುವುಮುರುವು ಓಡಿಸಿ ಹೊರಗೆ ತಳ್ಳುತ್ತದೆ. ಕೋಶ ಮಿಡಿಯದಿದ್ದರೂ ಸುರಿತ ನಡೆಯುತ್ತದೆ.

ಅರ್ಧವಿರಾಮ:
ಹಾಗಿದ್ದರೆ ಆ ಚಪ್ಪಟೆ ಗೆರೆ ಮಾತ್ರೆ ಬಿಡಲು ಡೋಸ್ ಇಳಿಸುವಾಗಲೂ ಲೆಕ್ಕಕ್ಕೆ ಬರಬೇಕಲ್ಲ? 20 ಮಿಲಿಗ್ರಾಂನಿಂದ 10, 10ರಿಂದ 5, ಆಮೇಲೆ ಸೊನ್ನೆ ಅಂದರೆ ಸಮ ಹೆಜ್ಜೆ ಆಗುವುದಿಲ್ಲ.

ಅರೆಜೀವಿತಾವಧಿ:
ಸರಿಯಾಗಿ ಹಿಡಿದಿರಿ. ಇನ್ನೊಂದು ಎಸ್‌ಎಸ್‌ಆರ್‌ಐ ಆದ ಸಿಟಲೊಪ್ರಾಮ್ 20ರಿಂದ 10ಕ್ಕೆ ಇಳಿದರೆ ಮುಚ್ಚಿದ ಪಾಲು ಸುಮಾರು ಶೇ. 80ರಿಂದ 70ಕ್ಕೆ ಇಳಿಯುತ್ತದೆ ಅಷ್ಟೇ. 5ರಿಂದ ಸೊನ್ನೆಗೆ ಹಾರಿದರೆ ಅರ್ಧಕ್ಕಿಂತ ಹೆಚ್ಚು ಒಂದೇ ಏಟಿಗೆ ಹೋಗುತ್ತದೆ. ತಲೆಸುತ್ತು, ಮೈಯಲ್ಲಿ ಕರೆಂಟ್ ಹೊಡೆದಂಥ ಅನುಭವ, ಕಳವಳ ಹೆಚ್ಚಾಗಿ ಕಾಣುವುದು ಈ ಕೊನೆಯ ಹಂತದಲ್ಲೇ. ಅದಕ್ಕೆ ತಳದಲ್ಲಿ ಹೆಜ್ಜೆ ತೀರಾ ಚಿಕ್ಕದಿರಬೇಕು. ಮಾತ್ರೆ ಮುರಿದು ಅಷ್ಟು ಸಣ್ಣ ಪಾಲು ಮಾಡಲಾಗುವುದಿಲ್ಲ, ದ್ರವರೂಪದ ಔಷಧಿ ಬೇಕಾಗುವುದು ಅಲ್ಲಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನಂತೂ ಪುಡಿ ಮಾಡಬೇಡಿ, ಇಡೀ ದಿನದ್ದು ಒಟ್ಟಿಗೆ ಸುರಿದುಬಿಡುತ್ತದೆ.